ಮೋಡೆಮ್ ತಾನಾಗಿ ವಿದೇಶಕ್ಕೆ ಕರೆ ಮಾಡಿದರೆ: ಡಯಲರ್ ವಂಚನೆಯಿಂದ ಮನೆಯ ಲೈನನ್ನು ಕಾಯುವ ಬಗೆ

ಬ್ರಾಡ್‌ಬ್ಯಾಂಡ್ ತಲುಪದ ಅಮೆರಿಕದ ಹಳ್ಳಿಯೊಂದರಲ್ಲಿ ನಿಮ್ಮ ಮನೆಯಿದೆ. ಅಲ್ಲಿ ಟೆಲಿಫೋನ್ ಲೈನಿಗೆ ಮೋಡೆಮ್ ಜೋಡಿಸಿದ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದೆ. ಅದನ್ನು ಹೆಚ್ಚಾಗಿ ಬಳಸುವವರು ನಿಮ್ಮ ಮಾವನವರು. ಈ ತಿಂಗಳ ಬಿಲ್ಲಿನಲ್ಲಿ ಪೆಸಿಫಿಕ್ ಸಾಗರದ ದ್ವೀಪವೊಂದಕ್ಕೆ 11 ನಿಮಿಷದ ಒಂದು ಕರೆ, 26 ನಿಮಿಷದ ಇನ್ನೊಂದು ಕರೆ ದಾಖಲಾಗಿರುವುದನ್ನು ಕಂಡು, ಇದು ಹೇಗಾಯಿತು, ಮತ್ತೆ ಆಗದಂತೆ ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ತಾವು ಯಾರಿಗೂ ಕರೆ ಮಾಡಿಲ್ಲವೆಂದು ಮಾವನವರು ಹೇಳುತ್ತಿದ್ದರೂ ಮನೆಯವರಿಗೆ ಪೂರ್ತಿ ನಂಬಿಕೆ ಬರುತ್ತಿಲ್ಲವೆಂದೂ ಬರೆದಿದ್ದೀರಿ. ನಾನು ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು; ಚಂದಾದಾರರ ಬಿಲ್ಲಿನ ತಕರಾರುಗಳನ್ನು ಪರಿಶೀಲಿಸುವುದು ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಆ ಅನುಭವದ ಬಲದಿಂದ ಮೊದಲು ಹೇಳುವುದು ಇದು: ಮಾವನವರ ಮಾತನ್ನು ನಂಬಿ. ಎರಡನೆಯದಾಗಿ, ಈ ಉತ್ತರವನ್ನು ಓದಿ ಮುಗಿಸುವ ಮೊದಲೇ ಹೋಗಿ, ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿರುವ ಟೆಲಿಫೋನ್ ವಯರನ್ನು ಕಳಚಿಡಿ. ಕಂಪ್ಯೂಟರನ್ನು ಮಾತ್ರ ಈಗಲೇ ಶುಚಿಗೊಳಿಸಬೇಡಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೋಡೆಮ್ ಎಂಬುದು ಕೈಯಿಲ್ಲದೆ ಡಯಲ್ ಮಾಡಬಲ್ಲ ಒಂದು ಟೆಲಿಫೋನ್. ಕಂಪ್ಯೂಟರಿನಲ್ಲಿರುವ ಯಾವ ಪ್ರೋಗ್ರಾಂ ಬೇಕಾದರೂ ಅದಕ್ಕೆ ಆಜ್ಞೆ ಕೊಡಬಹುದು, ಮತ್ತು ಆ ಆಜ್ಞೆಗಳು ಬಹಳ ಸರಳವಾಗಿವೆ: ಎಟಿಎಚ್ ಎಂದರೆ ಈಗಿರುವ ಕರೆಯನ್ನು ಕಡಿ, ಎಟಿಎಂ0 ಎಂದರೆ ಸ್ಪೀಕರನ್ನು ಸುಮ್ಮನಾಗಿಸು, ಎಟಿಡಿಟಿ ಎಂದರೆ ಮುಂದೆ ಬರುವ ಅಂಕಿಗಳನ್ನು ಡಯಲ್ ಮಾಡು. ವಂಚಕರ ಡಯಲರ್ ಪ್ರೋಗ್ರಾಂ ಮಾಡುವುದು ಈ ಮೂರೇ ಕೆಲಸಗಳನ್ನು, ಇದೇ ಕ್ರಮದಲ್ಲಿ. ಚಿತ್ರ ನೋಡಲು ಒಂದು ವ್ಯೂಯರ್ ಬೇಕೆಂದೋ, ಇಂಟರ್ನೆಟ್ಟಿನ ವೇಗ ಹೆಚ್ಚುತ್ತದೆಂದೋ ಹೇಳುವ ಸಣ್ಣ ಕಿಟಕಿಯೊಂದು ತೆರೆಯ ಮೇಲೆ ಬರುತ್ತದೆ. ನೋಡುತ್ತಿರುವವರು ಒಪ್ಪಿಗೆಯ ಗುಂಡಿಯನ್ನು ಒತ್ತುತ್ತಾರೆ. ನಿಮ್ಮ ಊರಿನ ಇಂಟರ್ನೆಟ್ ಕಂಪನಿಯ ಸ್ಥಳೀಯ ಕರೆ ಸದ್ದಿಲ್ಲದೆ ಕಡಿದು, ಅದರ ಜಾಗದಲ್ಲಿ ಸಾವಿರಾರು ಮೈಲಿ ದೂರದ ನಂಬರಿಗೆ ಕರೆ ಹೋಗುತ್ತದೆ. ಪುಟಗಳು ಮೊದಲಿನಂತೆಯೇ ತೆರೆದುಕೊಳ್ಳುತ್ತಿರುವುದರಿಂದ ಕುಳಿತವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಈ ಬಗೆಯ ವಂಚನೆಗಳಲ್ಲಿ ಹೆಚ್ಚು ಹೆಸರಾದದ್ದು ನೀವಿರುವ ದೇಶದಲ್ಲಿಯೇ ನಡೆದದ್ದು. 1997ರಲ್ಲಿ ಕೆಲವು ವಯಸ್ಕರ ಜಾಲತಾಣಗಳು ಉಚಿತ ಚಿತ್ರಗಳ ಆಸೆ ತೋರಿಸಿ ಒಂದು ಪ್ರೋಗ್ರಾಂ ಇಳಿಸಿಕೊಳ್ಳುವಂತೆ ಮಾಡಿದವು. ಅದು ಮೋಡೆಮ್ಮಿನ ಸ್ಪೀಕರನ್ನು ಅಡಗಿಸಿ, ಪೂರ್ವ ಯೂರೋಪಿನ ಮೊಲ್ಡೋವಾ ದೇಶದ ನಂಬರಿಗೆ ಡಯಲ್ ಮಾಡುತ್ತಿತ್ತು. ನಿಮಿಷಕ್ಕೆ 2 ಡಾಲರಿಗೂ ಮೀರಿದ ದರ ಬೀಳುತ್ತಿತ್ತು. ಬಳಸುವವರು ಆ ತಾಣವನ್ನು ಬಿಟ್ಟು ಬೇರೆಡೆಗೆ ಹೋದರೂ ಕರೆ ಮುಂದುವರಿಯುತ್ತಿತ್ತು. ಕಂಪ್ಯೂಟರನ್ನೇ ಆರಿಸುವವರೆಗೂ ಮೀಟರ್ ಓಡುತ್ತಿತ್ತು. ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋದ ಮೇಲೆ, ಅದೇ ವರ್ಷ ಸುಮಾರು 38,000 ಗ್ರಾಹಕರಿಗೆ ಒಟ್ಟು 27 ಲಕ್ಷ ಡಾಲರಿಗೂ ಹೆಚ್ಚಿನ ಹಣವನ್ನು ಹಿಂದಿರುಗಿಸಲು ಒಪ್ಪಂದವಾಯಿತು.

ಮೊಲ್ಡೋವಾ ಅಥವಾ ಪೆಸಿಫಿಕ್ಕಿನ ದ್ವೀಪವೇ ಏಕೆ ಎಂಬುದು ತಿಳಿದರೆ ಕಾವಲು ಎಲ್ಲಿ ಹಾಕಬೇಕೆಂಬುದೂ ತಿಳಿಯುತ್ತದೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕರೆ ಹೋದಾಗ, ಕರೆ ಹೊರಟ ಕಡೆಯ ಕಂಪನಿಯು ಕರೆ ತಲುಪಿದ ಕಡೆಯ ಕಂಪನಿಗೆ ನಿಮಿಷದ ಲೆಕ್ಕದಲ್ಲಿ ಹಣ ಸಲ್ಲಿಸುತ್ತದೆ. ಕೆಲವು ಸಣ್ಣ ದೇಶಗಳಿಗೆ ಈ ದರ ಬಹಳ ಹೆಚ್ಚಾಗಿರುತ್ತದೆ, ಮತ್ತು ತನ್ನ ನಂಬರಿಗೆ ಕರೆಗಳನ್ನು ತಂದುಕೊಡುವವನೊಡನೆ ಆ ಹಣವನ್ನು ಹಂಚಿಕೊಳ್ಳುವ ವ್ಯವಹಾರವೂ ನಡೆಯುತ್ತದೆ. ಹೀಗಾಗಿ ವಂಚಕನಿಗೆ ನಿಮ್ಮ ಬ್ಯಾಂಕ್ ಖಾತೆಯಾಗಲಿ ಪಾಸ್‌ವರ್ಡ್ ಆಗಲಿ ಬೇಕಾಗಿಲ್ಲ. ನಿಮ್ಮ ಲೈನಿನಿಂದ ಹೊರಟ ಒಂದೊಂದು ನಿಮಿಷವೂ ಅವನಿಗೆ ಹಣವೇ. ಅಮೆರಿಕದ 900 ನಂಬರುಗಳ, ಅಂದರೆ ಕರೆ ಮಾಡಿದವರಿಂದ ಹೆಚ್ಚಿನ ದರ ವಸೂಲಿ ಮಾಡುವ ಸೇವಾ ನಂಬರುಗಳ, ವಿಷಯದಲ್ಲಿ 1992ರ ಕಾಯ್ದೆಯ ನಂತರ ಗ್ರಾಹಕರಿಗೆ ಹಲವು ರಕ್ಷಣೆಗಳಿವೆ. ಆ ಬಾಕಿಗಾಗಿ ಮನೆಯ ಫೋನನ್ನು ಕಡಿತಗೊಳಿಸುವಂತಿಲ್ಲ. ಆದರೆ ಡಯಲರ್ ಮಾಡಿದ ಕರೆ ಬಿಲ್ಲಿನಲ್ಲಿ ಸಾಮಾನ್ಯ ವಿದೇಶಿ ಕರೆಯಂತೆಯೇ ಕಾಣುವುದರಿಂದ ಆ ಬೇಲಿಯನ್ನು ಸುತ್ತಿಕೊಂಡು ಬರುತ್ತದೆ.

ನಮ್ಮ ಎಕ್ಸ್‌ಚೇಂಜಿಗೆ ಬಂದ ಒಂದು ತಕರಾರನ್ನು ಇಲ್ಲಿ ಹೇಳಲೇಬೇಕು. ನಿವೃತ್ತ ಶಿಕ್ಷಕರೊಬ್ಬರು, ಮಗಳು ಹೊರದೇಶದಲ್ಲಿದ್ದ ಕಾರಣಕ್ಕೆ, ಅರ್ಜಿ ಕೊಟ್ಟು ಐಎಸ್‌ಡಿ, ಅಂದರೆ ವಿದೇಶಕ್ಕೆ ನೇರವಾಗಿ ಡಯಲ್ ಮಾಡುವ, ಸೌಲಭ್ಯ ಪಡೆದಿದ್ದರು. ಒಂದು ಬಿಲ್ಲಿನಲ್ಲಿ ಅವರು ಹೆಸರೇ ಕೇಳಿರದ ದೇಶಕ್ಕೆ ರಾತ್ರಿ ಹೊತ್ತಿನ ಕರೆಗಳು ಬಂದವು. ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ತಂಗಿಯ ಮಗನ ಮೇಲೆ ಎಲ್ಲರಿಗೂ ಅನುಮಾನ ಬಂದು, ಆ ಹುಡುಗ ಊರಿಗೆ ಹೊರಟುಹೋಗಿದ್ದ. ನಾವು ವಿದೇಶಿ ಕರೆಗಳನ್ನಷ್ಟೇ ನೋಡದೆ, ಆ ರಾತ್ರಿಗಳ ಸ್ಥಳೀಯ ಕರೆಗಳ ದಾಖಲೆಯನ್ನೂ ತೆಗೆಸಿ ಪಕ್ಕದಲ್ಲಿಟ್ಟು ನೋಡಿದೆವು. ಪ್ರತಿ ಸಲವೂ ಇಂಟರ್ನೆಟ್ ನಂಬರಿನ ಕರೆ ಮುಗಿದು ಅರ್ಧ ನಿಮಿಷದೊಳಗೆ ವಿದೇಶದ ಕರೆ ಶುರುವಾಗಿತ್ತು. ಮನುಷ್ಯರು ಹಾಗೆ ಕರೆ ಮಾಡುವುದಿಲ್ಲ. ಒಂದೊಂದು ಸಲ ಹಾಗಾಗಬಹುದು, ಎಲ್ಲ ಸಲವೂ ಆಗುವುದಿಲ್ಲ. ಹುಡುಗ ಯಾವುದೋ ಕಿಟಕಿಯಲ್ಲಿ ಒಪ್ಪಿಗೆ ಒತ್ತಿದ್ದು ನಿಜವಿರಬಹುದು, ಆದರೆ ಅವನು ಯಾರಿಗೂ ಫೋನ್ ಮಾಡಿರಲಿಲ್ಲ. ಎಕ್ಸ್‌ಚೇಂಜಿನ ಯಂತ್ರಕ್ಕೆ ಅಂಕಿಗಳನ್ನು ಒತ್ತಿದ್ದು ಬೆರಳೋ ಮೋಡೆಮ್ಮೋ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗದ್ದನ್ನು ಬಿಲ್ಲು ನೋಡಿದವರು ತಮಗೆ ಗೊತ್ತಾಯಿತೆಂದುಕೊಂಡು ಮನೆಯವರ ಮೇಲೆ ಹೊರಿಸುತ್ತಾರೆ. ಈ ವಂಚನೆಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಹಣದ ನಷ್ಟವಲ್ಲ, ಇದು.

ಇನ್ನು ತಡೆಯುವ ವಿಷಯಕ್ಕೆ ಬರುತ್ತೇನೆ. ನನ್ನ ದೃಢವಾದ ಅಭಿಪ್ರಾಯವೆಂದರೆ, ಮೊದಲ ಕಾವಲು ಇರಬೇಕಾದದ್ದು ಕಂಪ್ಯೂಟರಿನಲ್ಲಿ ಅಲ್ಲ, ಟೆಲಿಫೋನ್ ಕಂಪನಿಯ ಎಕ್ಸ್‌ಚೇಂಜಿನಲ್ಲಿ. ಕಂಪ್ಯೂಟರಿನೊಳಗೆ ಹಾಕಿದ ಬೀಗವನ್ನು ಕಂಪ್ಯೂಟರಿನೊಳಗೆ ನುಗ್ಗಿದ ಪ್ರೋಗ್ರಾಂ ತೆಗೆಯಬಹುದು. ಎಕ್ಸ್‌ಚೇಂಜಿನಲ್ಲಿ ನಿಮ್ಮ ಲೈನಿಗೆ ಹಾಕಿದ ತಡೆಯನ್ನು ಅದು ಮುಟ್ಟಲೂ ಆಗದು. ಭಾರತದಲ್ಲಿ ಡಯಲ್-ಅಪ್ ಕಾಲದಲ್ಲಿ ಬಹಳಷ್ಟು ಮನೆಗಳು ಈ ಕಾಟದಿಂದ ಪಾರಾದದ್ದಕ್ಕೆ ಕಾರಣವೂ ಇದೇ: ಚಂದಾದಾರರು ಕೇಳಿ ಪಡೆಯದ ಹೊರತು ಐಎಸ್‌ಡಿ ತೆರೆದಿರುತ್ತಿರಲಿಲ್ಲ, ಪಡೆದವರೂ ಗುಪ್ತ ಸಂಖ್ಯೆ ಒತ್ತಿ ಅದಕ್ಕೆ ಬೀಗ ಹಾಕಿಕೊಳ್ಳಬಹುದಿತ್ತು. ಐರ್ಲೆಂಡಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಕಾಮ್‌ರೆಗ್ ಕೂಡ ಇದನ್ನೇ ಇಡೀ ದೇಶದ ಮಟ್ಟದಲ್ಲಿ ಮಾಡಿತು. ಡಯಲರ್‌ಗಳ ಹಾವಳಿ ಮಿತಿಮೀರಿದಾಗ, 2004ರ ಅಕ್ಟೋಬರಿನಲ್ಲಿ, ನೌರು, ಟುವಾಲು, ಕಿರಿಬಾಟಿ, ಕುಕ್ ದ್ವೀಪಗಳೂ ಸೇರಿದಂತೆ 13 ಕಡೆಗಳಿಗೆ ನೇರವಾಗಿ ಡಯಲ್ ಮಾಡುವುದನ್ನು ನಿಲ್ಲಿಸಿ, ನಿಜವಾಗಿ ಬೇಕಾದ ನಂಬರುಗಳಿಗೆ ಮಾತ್ರ ದಾರಿ ಬಿಡುವಂತೆ ಫೋನ್ ಕಂಪನಿಗಳಿಗೆ ಆದೇಶಿಸಿತು.

ಆದ್ದರಿಂದ ನಾಳೆಯೇ ನಿಮ್ಮ ಫೋನ್ ಕಂಪನಿಗೆ ಕರೆ ಮಾಡಿ, ಈ ಲೈನಿನಿಂದ ಎಲ್ಲ ವಿದೇಶಿ ಕರೆಗಳನ್ನೂ 900 ನಂಬರುಗಳನ್ನೂ ತಡೆಹಿಡಿಯುವಂತೆ ಕೇಳಿ, ತಡೆ ಜಾರಿಯಾದುದಕ್ಕೆ ಬರಹದಲ್ಲಿ ದೃಢೀಕರಣ ಪಡೆಯಿರಿ. ಇಲ್ಲಿ ಒಂದು ಎಚ್ಚರ ಬೇಕು. ಅಮೆರಿಕದಿಂದ ವಿದೇಶಕ್ಕೆ ಕರೆ ಮಾಡಲು ಸಾಮಾನ್ಯವಾಗಿ 011 ಒತ್ತಬೇಕು. ಆದರೆ ಡೊಮಿನಿಕನ್ ಗಣರಾಜ್ಯದ 809, ಜಮೈಕಾದ 876, ಬ್ರಿಟಿಷ್ ವರ್ಜಿನ್ ದ್ವೀಪಗಳ 284 ಮುಂತಾದ ಸಂಖ್ಯೆಗಳು ದೇಶದೊಳಗಿನ ಏರಿಯಾ ಕೋಡ್‌ಗಳಂತೆಯೇ ಕಾಣುತ್ತವೆ ಮತ್ತು ಅವಕ್ಕೆ 011 ಬೇಕಾಗಿಲ್ಲ. ತಡೆಯಲ್ಲಿ ಇವೂ ಸೇರಿವೆಯೇ ಎಂದು ಸ್ಪಷ್ಟವಾಗಿ ಕೇಳಿ. ಊರಿನ ನೆಂಟರೊಡನೆ ಮಾತನಾಡಲು ಮೊಬೈಲನ್ನೋ, ಗುಪ್ತ ಸಂಖ್ಯೆ ಬೇಡುವ ಕಾಲಿಂಗ್ ಕಾರ್ಡನ್ನೋ ಇಟ್ಟುಕೊಂಡರೆ ಲೈನಿನ ಈ ತಡೆಯಿಂದ ಮಾವನವರಿಗೆ ತೊಂದರೆಯಾಗುವುದಿಲ್ಲ.

ಎರಡನೆಯ ಕಾವಲು ಗೋಡೆಯ ವಯರು. ಬಳಸದ ಹೊತ್ತಿನಲ್ಲಿ ಅದು ಕಳಚಿರಲಿ. ಸಾಧ್ಯವಾದರೆ ಕಂಪ್ಯೂಟರಿನ ಒಳಗಿರುವ ಮೋಡೆಮ್ಮಿನ ಬದಲಿಗೆ, ಹೊರಗಿಡುವ, ಸ್ವಿಚ್ ಮತ್ತು ದೀಪಗಳಿರುವ ಮೋಡೆಮ್ ಹಾಕಿಸಿ. ಅದರಲ್ಲಿ ಒಎಚ್ ಎಂದು ಗುರುತಿಸಿದ ದೀಪ ಉರಿಯುತ್ತಿದ್ದರೆ ಲೈನ್ ಬಳಕೆಯಲ್ಲಿದೆ ಎಂದೇ ಅರ್ಥ, ಮತ್ತು ಹಿರಿಯರಿಗೆ ಇದು ತೆರೆಯ ಮೇಲಿನ ಯಾವ ಸೂಚನೆಗಿಂತಲೂ ಸುಲಭವಾಗಿ ತಿಳಿಯುತ್ತದೆ. ಮೋಡೆಮ್ಮಿನ ಸ್ಪೀಕರನ್ನು ಎಂದೂ ಆರಿಸಬೇಡಿ. ಡಯಲ್ ಮಾಡುವ ಸದ್ದು, ಆಮೇಲಿನ ಆ ಕಿರುಚು ದನಿ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಕೇಳಿಬಂದರೆ ಕೂಡಲೇ ವಯರು ಕೀಳಬೇಕೆಂದು ಮಾವನವರಿಗೆ ಹೇಳಿಕೊಡಿ. ಜಾಣ ಡಯಲರ್ ಆ ಸದ್ದನ್ನೇ ಅಡಗಿಸಬಲ್ಲದಾದ್ದರಿಂದ ಕಿವಿಯೊಂದನ್ನೇ ನಂಬುವಂತಿಲ್ಲ. ಮುಂದೆ ಎಂದಾದರೂ ಡಿಎಸ್‌ಎಲ್ ಅಥವಾ ಉಪಗ್ರಹ ಸಂಪರ್ಕ ಬಂದರೆ ಅವು ನಂಬರ್ ಡಯಲ್ ಮಾಡುವುದಿಲ್ಲವಾದ್ದರಿಂದ ಈ ಕಾಟ ಇರದು, ಆದರೆ ಫ್ಯಾಕ್ಸಿಗೆಂದು ಹಳೆಯ ಮೋಡೆಮ್ಮನ್ನು ಲೈನಿಗೆ ಜೋಡಿಸಿಯೇ ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ.

ಕಂಪ್ಯೂಟರಿನೊಳಗಿನ ಕಾವಲು ಮೂರನೆಯದು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಭದ್ರತಾ ಪರಿಷ್ಕರಣೆಗಳನ್ನು ನಿಲ್ಲಿಸಿರುವುದರಿಂದ, ಆ ಯಂತ್ರವನ್ನು ಇಂಟರ್ನೆಟ್ಟಿಗೆ ಬಳಸದಿರುವುದೇ ಲೇಸು. ಬದಲಾಯಿಸುವವರೆಗೆ ಮಾವನವರಿಗೆ ನಿರ್ವಾಹಕರ ಅಧಿಕಾರವಿಲ್ಲದ ಲಿಮಿಟೆಡ್ ಖಾತೆಯೊಂದನ್ನು ತೆರೆದುಕೊಡಿ, ಇಂಟರ್ನೆಟ್ ಆಪ್ಷನ್ಸ್‌ನ ಕನೆಕ್ಷನ್ಸ್ ಪುಟದಲ್ಲಿ ತಾನಾಗಿ ಡಯಲ್ ಮಾಡಬಾರದೆಂಬ ಆಯ್ಕೆಯನ್ನು ಗುರುತಿಸಿ, ಜಾಲಪುಟಗಳ ಮೂಲಕ ಕಂಪ್ಯೂಟರಿಗೆ ಸೇರಿಕೊಳ್ಳುವ ಆ್ಯಕ್ಟಿವ್‌ಎಕ್ಸ್ ಎಂಬ ಸಣ್ಣ ಪ್ರೋಗ್ರಾಂಗಳನ್ನು ಇಳಿಸಿಕೊಳ್ಳುವುದನ್ನು ನಿಷೇಧಿಸಿ. ಇವು ಸಹಾಯಕ ಕ್ರಮಗಳಷ್ಟೇ. ಲೈನಿನ ತಡೆಗೆ ಇವು ಬದಲಿಯಾಗಲಾರವು.

ಶುಚಿಗೊಳಿಸಬೇಡಿ ಎಂದು ಮೊದಲೇ ಹೇಳಿದ್ದು ಬಿಲ್ಲಿನ ಸಲುವಾಗಿ. ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು ನೋಡಿದರೆ, ನೀವು ಮಾಡದ ಹೊಸ ಸಂಪರ್ಕವೊಂದು ಅಲ್ಲಿರಬಹುದು, ಅಥವಾ ನಿಮ್ಮದೇ ಸಂಪರ್ಕದಲ್ಲಿ ಫೋನ್ ನಂಬರ್ ಬದಲಾಗಿರಬಹುದು. ಆ ಕಿಟಕಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಅಲ್ಲಿನ ನಂಬರನ್ನೂ ಬಿಲ್ಲಿನ ನಂಬರನ್ನೂ ಹೋಲಿಸಿ, ಡಯಲ್ ಮಾಡುವ ನಂಬರುಗಳನ್ನು ವಿಂಡೋಸ್ ಬರೆದಿಡುವ ರಾಸ್‌ಫೋನ್ ಡಾಟ್ ಪಿಬಿಕೆ (rasphone.pbk) ಎಂಬ ಕಡತವನ್ನು ಪ್ರತಿ ಮಾಡಿಟ್ಟುಕೊಂಡ ಮೇಲೆಯೇ ಡಯಲರನ್ನು ಅಳಿಸಿ. ಸಾಕ್ಷ್ಯದ ಬೆಲೆ ಎಷ್ಟೆಂಬುದಕ್ಕೆ ಜರ್ಮನಿಯ ಒಂದು ಮೊಕದ್ದಮೆಯನ್ನು ನೆನೆಯುತ್ತೇನೆ. ಮನೆಯ ಮಗನೊಬ್ಬ ಇಂಟರ್ನೆಟ್ ವೇಗ ಹೆಚ್ಚುತ್ತದೆಂದು ನಂಬಿ ಕಡತವೊಂದನ್ನು ಇಳಿಸಿಕೊಂಡಿದ್ದ. ಅದರೊಳಗಿದ್ದ ಡಯಲರ್ ದುಬಾರಿ 0190 ನಂಬರಿಗೆ ಕರೆ ಮಾಡುತ್ತ ಹೋಯಿತು. ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2004ರ ಮಾರ್ಚ್ 4ರಂದು, ಗುಟ್ಟಾಗಿ ಸೇರಿಕೊಂಡ ಡಯಲರಿನ ಕರೆಗಳಿಗೆ ಚಂದಾದಾರರು ಆ ದುಬಾರಿ ದರವನ್ನು ತೆರಬೇಕಾಗಿಲ್ಲ, ಇಂಥ ನಂಬರುಗಳಿಂದ ಲಾಭ ಪಡೆಯುವ ಫೋನ್ ಕಂಪನಿಯೇ ಅದರ ಅಪಾಯವನ್ನೂ ಹೊರಬೇಕು ಎಂದು ತೀರ್ಪಿತ್ತಿತು. ಆ ತೀರ್ಪು ನಿಮ್ಮ ದೇಶಕ್ಕೆ ಅನ್ವಯಿಸದಿದ್ದರೂ ಅದರ ತರ್ಕ ನನಗೆ ಸಂಪೂರ್ಣ ನ್ಯಾಯವೆನಿಸುತ್ತದೆ.

ಫೋನ್ ಕಂಪನಿಗೆ ಬರೆಯುವಾಗ ತಕರಾರಿಲ್ಲದ ಮೊತ್ತವನ್ನು ಸಮಯಕ್ಕೆ ಸರಿಯಾಗಿ ಕಟ್ಟಿ, ಆ ಎರಡು ಕರೆಗಳನ್ನಷ್ಟೇ ವಿವಾದಿತವೆಂದು ತಿಳಿಸಿ, ಆ ದಿನದ ಸ್ಥಳೀಯ ಕರೆಗಳ ಸಮಯದ ದಾಖಲೆಯನ್ನೂ ಕೇಳಿ; ಅವರು ಒಪ್ಪದಿದ್ದರೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿಗೆ ದೂರು ಕೊಡಬಹುದು. ದಾಖಲೆ ಕೈಗೆ ಬಂದ ದಿನ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಟರ್ನೆಟ್ ಕರೆ ಮುಗಿದ ಸಮಯವನ್ನೂ ದ್ವೀಪದ ಕರೆ ಶುರುವಾದ ಸಮಯವನ್ನೂ ಮನೆಯವರೆಲ್ಲರ ಎದುರು ಓದಿ ಹೇಳಿ.