ಮನೆ ಬರೆದುಕೊಟ್ಟು ಮಗನ ಹತ್ತಿರ ಹೋಗಲೇ?

ಪ್ರಶ್ನೆ: ನನಗೆ 72 ವರ್ಷ. ಯಜಮಾನರು ತೀರಿಹೋದ ಮೇಲೆ ಹಾಸನದ ಸ್ವಂತ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮನೆಯನ್ನು ತನ್ನ ಹೆಸರಿಗೆ ಮಾಡಿಕೊಟ್ಟು ಬೆಂಗಳೂರಿಗೆ ಬಂದುಬಿಡು ಎನ್ನುತ್ತಾನೆ ಮಗ. ಅವನು ಒಳ್ಳೆಯವನೇ, ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಅವಸರ ಬೇಡ. ಮಗನ ಜೊತೆ ಇರುವುದು ಬೇರೆ, ಮನೆ ಬರೆದುಕೊಡುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಬೇಕಿಲ್ಲ, ಅಲ್ವಾ? ಮೊದಲು ಮನೆಗೆ ಬೀಗ ಹಾಕಿ ಮೂರು ತಿಂಗಳು ಅಲ್ಲಿದ್ದು ನೋಡಿ. ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಒಬ್ಬರೇ ಕೂರಬೇಕಾಗುತ್ತದೋ ಏನೋ, ಅದು ಇದ್ದರೇ ಗೊತ್ತಾಗುವುದು.

ಮನೆ ಅವನಿಗೇ ಸೇರಲಿ ಎಂದಿದ್ದರೆ ವಿಲ್ ಬರೆಯಿರಿ. ನೀವಿರುವ ತನಕ ಮನೆ ನಿಮ್ಮದೇ, ವಿಲ್ಲನ್ನು ಬದಲಾಯಿಸಲೂಬಹುದು. ದಾನಪತ್ರವೇ ಆಗಬೇಕೆಂದರೆ ‘ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಅದರಲ್ಲೇ ಸ್ಪಷ್ಟವಾಗಿ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಎಸಿ (ಉಪವಿಭಾಗಾಧಿಕಾರಿ) ಅವರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ದಾನಪತ್ರ ರದ್ದು ಮಾಡಿಸಬಹುದು. ಷರತ್ತೇ ಬರೆಸದೆ ಸುಮ್ನೆ ಸಹಿ ಹಾಕಿ ಆಮೇಲೆ ಅಲೆದಾಡುವವರು ಜಾಸ್ತಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಸನದಲ್ಲೇ ಇರುವುದಾದರೆ ಒಂದು ಭಾಗವನ್ನು ಬಾಡಿಗೆಗೆ ಕೊಡಿ, ರಾತ್ರಿ ಕೂಗಿದರೆ ಓಗೊಡಲು ಜನ ಇರುತ್ತಾರೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ಹಿರಿಯರ ಸಹಾಯವಾಣಿ 14567, ಉಚಿತ ಕರೆ. ಆ ನಂಬರನ್ನು ದೊಡ್ಡದಾಗಿ ಬರೆದು ಫೋನಿನ ಪಕ್ಕ ಅಂಟಿಸಿ.