ಊಟದ ಬಿಡುವು ಮತ್ತು ಅಂತರಂಗ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ಅಂತರಂಗ, ಶಾಂತಿ, ವಿಶ್ವಭ್ರಾತೃತ್ವ ಎಲ್ಲ ಹೊಟ್ಟೆ ತುಂಬಿದವರ ಮಾತು. ಈ ಥಿಯಾಸಫಿಯವರಿಂದ ಬಡವನಿಗೆ ಏನಾಯಿತು?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸ್ವಾಮಿ. ಥಿಯಾಸಫಿ ಅಂದರೆ ಎಲ್ಲ ಮತಗಳ ಮೂಲ ಸತ್ಯ ಒಂದೇ, ಮನುಷ್ಯರೆಲ್ಲ ಸೋದರರು ಅನ್ನುವ ಪಂಥ. ಅದರಲ್ಲಿ ಬರುವ ಕಣ್ಣಿಗೆ ಕಾಣದ ಮಹಾತ್ಮರು, ಪವಾಡ, ಅವೆಲ್ಲ ನನಗೂ ಒಪ್ಪಿಗೆಯಿಲ್ಲ. ಆದರೆ ಬಿ.ಪಿ. ವಾಡಿಯಾ ಅವರ ಹೆಸರು ಕೇಳಿದ್ದೀರಾ? ಬಸವನಗುಡಿಯಲ್ಲಿ ಅವರ ಹೆಸರಿನ ರಸ್ತೆಯಲ್ಲಿ ನೀವೂ ಓಡಾಡಿರಬಹುದು.

ಮುಂಬೈಯ ಪಾರ್ಸಿ. ಥಿಯಾಸಫಿಗೆಂದು ಮದ್ರಾಸಿನ ಅಡ್ಯಾರಿಗೆ ಬಂದವರು. 1917ರಲ್ಲಿ ಆನಿ ಬೆಸೆಂಟರ ಜೊತೆ ಸರ್ಕಾರ ಇವರನ್ನೂ ಊಟಿಯಲ್ಲಿ ಬಂಧನದಲ್ಲಿಟ್ಟಿತು. ಮರುವರ್ಷ ಮದ್ರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳ ಕೂಲಿಕಾರರು ಇವರ ಹತ್ತಿರ ಕಷ್ಟ ಹೇಳಿಕೊಂಡರು. ಮಧ್ಯಾಹ್ನದ ಬಿಡುವು ಅರ್ಧ ಗಂಟೆ. ಲೆಕ್ಕ ಹಾಕಿ ನೋಡಿ: ಗೇಟು ದಾಟಬೇಕು, ಕೈ ತೊಳೆಯಬೇಕು, ಬುತ್ತಿ ಬಿಚ್ಚಬೇಕು, ನಾಲ್ಕು ತುತ್ತು ನುಂಗಿ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅದರ ಅಧ್ಯಕ್ಷರು. ಗಿರಣಿಯವರು ಅವರ ಮೇಲೆ ಹೈಕೋರ್ಟಿನಲ್ಲಿ ದಾವೆ ಹಾಕಿದರು. ಆ ಜಗಳ ದೊಡ್ಡದಾಗಿ, ಕೊನೆಗೆ 1926ರಲ್ಲಿ ಸಂಘ ಕಟ್ಟುವವರಿಗೆ ಕಾನೂನಿನ ರಕ್ಷಣೆ ಕೊಡುವ ಕಾರ್ಮಿಕ ಸಂಘಗಳ ಕಾಯ್ದೆಯೇ ಬಂತು. ಜಾತಿ, ಮತ, ಬಣ್ಣ ನೋಡದ ಭ್ರಾತೃತ್ವವನ್ನು ನಂಬಿದ ಮನುಷ್ಯ ಕೂಲಿಕಾರರ ಪರ ನಿಂತದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಒಳಗಿದ್ದದ್ದು ಹೊರಗೆ ಬಂತು, ಅಷ್ಟೇ ಅಲ್ವಾ?

ಅದೇ ವಾಡಿಯಾ ಮುಂದೆ 1945ರಲ್ಲಿ ಬಸವನಗುಡಿಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆ ಕಟ್ಟಿದರು. ಕೆಲಸವಿಲ್ಲದ ದಿನಗಳಲ್ಲಿ ನಾನು ಅಲ್ಲಿನ ವಾಚನಾಲಯದಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ. ಫ್ಯಾನಿನ ಗಾಳಿಗೆ ಪತ್ರಿಕೆಯ ಹಾಳೆ ಏಳುತ್ತಿತ್ತು, ಪಕ್ಕದ ಮುದುಕರು ಕನ್ನಡಕದ ಡಬ್ಬಿ ಇಟ್ಟು ಒತ್ತುತ್ತಿದ್ದರು. ಯಾಕೆ ಬಂದೆ ಅಂತ ಒಬ್ಬರೂ ಕೇಳಲಿಲ್ಲ.

ವಾಡಿಯಾ ಸೇರಿದ್ದ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಎಂಬ ಥಿಯಾಸಫಿ ಕೂಟದಲ್ಲಿ ಭಾಷಣ ಮಾಡುವವರ ಹೆಸರು ಹೇಳುವುದಿಲ್ಲ. ಸದಸ್ಯತ್ವಕ್ಕೆ ಶುಲ್ಕವೂ ಇಲ್ಲ. ಈಗ ನಮ್ಮ ಬೀದಿ ನೋಡಿ. ಶಾಂತಿ ಶಿಬಿರದ ಫ್ಲೆಕ್ಸಿನಲ್ಲಿ ಗುರುಗಳ ಮುಖ ಬಾಗಿಲಷ್ಟು ದೊಡ್ಡದು, ಶಾಂತಿ ಅನ್ನೋ ಪದ ಮೂಲೆಯಲ್ಲಿ. ಕೆಳಗೆ ಹಣ ಕಟ್ಟಲು ಕ್ಯೂಆರ್ ಕೋಡ್. ದುಡ್ಡಿದ್ದವರಿಗೆ ಮುಂದಿನ ಸಾಲು. ನಿಮ್ಮ ಸಿಟ್ಟು ಇದರ ಮೇಲೆ ತಾನೇ? ಹಾಗಿದ್ದರೆ ನಾನೂ ನಿಮ್ಮ ಜೊತೆಗಿದ್ದೇನೆ. ವಾಡಿಯಾ ಅಂಥವರನ್ನು ಮಾತ್ರ ಆ ಸಾಲಿಗೆ ಸೇರಿಸಬೇಡಿ, ಅದು ಸರಿಯಲ್ಲ.

ಮುಂದಿನ ಸಲ ಬೆಂಗಳೂರಿಗೆ ಬಂದಾಗ ಆ ವಾಚನಾಲಯದಲ್ಲಿ ಒಂದು ಗಂಟೆ ಸುಮ್ನೆ ಕೂತು ಬನ್ನಿ. ಆಮೇಲೂ ಸಿಟ್ಟು ಉಳಿದಿದ್ದರೆ ಮತ್ತೆ ಬರೆಯಿರಿ, ಅಚ್ಚು ಹಾಕುತ್ತೇನೆ.

— ಸಂ.