ಶೆಲ್ಫಿನ ಮೇಲಿನ ಪೌಡರ್ ಡಬ್ಬಿ

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸವಿತಾ ಅನ್ನೋಣ. ಗಾರ್ಮೆಂಟ್ಸ್ ಕೆಲಸ. ಗಂಡ ಆಟೋ ಓಡಿಸುತ್ತಾರೆ. ಐದು ವರ್ಷದ ಮಗ, ಎರಡು ವರ್ಷದ ಮಗಳು. ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಗಂಡನ ಜೊತೆ ದಿನಾ ಜಗಳ ಅಂತ. ಕೇಳುತ್ತಾ ಹೋದರೆ ಜಗಳವೆಲ್ಲ ದಿನಸಿ ಬಿಲ್ಲಿನದೇ. "20ನೇ ತಾರೀಖಿಗೆ ಡಬ್ಬಗಳೆಲ್ಲ ಖಾಲಿ ಮೇಡಂ. ಆದರೂ ಮಕ್ಕಳ ಮೈಗೆ ಹತ್ತಲ್ಲ."

ಒಂದು ವಾರ ಕೊಂಡಿದ್ದನ್ನೆಲ್ಲ ಬರೆದು ತನ್ನಿ ಅಂದೆ. ಮಗನ ಹಳೇ ಕಾಪಿ ಪುಸ್ತಕದ ಹಿಂದೆ ಬರೆದು ತಂದರು. ಅಕ್ಕಿ ರೇಷನ್ನಿನದು, ಅದಕ್ಕೆ ಖರ್ಚಿಲ್ಲ. ಬೇಳೆ ಕಾಲು ಕೆಜಿ. ಸೊಪ್ಪು ಒಂದೇ ಸಲ. ಮಕ್ಕಳಿಬ್ಬರಿಗೂ ದಿನಾ 10 ರೂಪಾಯಿಯ ಒಂದೊಂದು ಅಂಗಡಿ ತಿಂಡಿ ಪ್ಯಾಕೆಟ್, ಅಂದರೆ ತಿಂಗಳಿಗೆ 600. ಹಾಲಿಗೆ ಹಾಕುವ ಪೌಡರಿಗೆ ಬೇರೆ ದುಡ್ಡು. ರಾಗಿ ಎಲ್ಲೂ ಇಲ್ಲ. ಮಂಡ್ಯ ಕಡೆಯವರ ಮನೇಲಿ ರಾಗಿ ಇಲ್ಲವಾ ಅಂದೆ.

"ಮುದ್ದೆ, ಹುರುಳಿ ಸಾರು ತಿಂದೇ ಬೆಳೆದದ್ದು ನಾವು. ನನ್ನ ಮಕ್ಕಳಿಗೂ ಅದೇ ಗತೀನಾ?"

ಇಲ್ಲಿ ಉಳಿತಾಯದ ಪಾಠ ಹೇಳಿ ಪ್ರಯೋಜನವಿಲ್ಲ. ತಲೆ ಆಡಿಸಿ ಹೋಗುತ್ತಾರೆ, ಅಷ್ಟೇ. ಮನೆಗೆ ಬಂದವರ ಕಣ್ಣಿಗೆ ಆ ಪೌಡರ್ ಡಬ್ಬಿ ಶೆಲ್ಫಿನ ಮೇಲೆ ಕಾಣಬೇಕಿತ್ತು. ಅದರಲ್ಲಿ ತಪ್ಪೂ ಇಲ್ಲ ಬಿಡಿ.

ಅಮ್ಮನ ಬಸ್ಸಾರು ಹೇಗೆ ಅಂತ ಕೇಳಿದೆ. ಮುಖ ಅರಳಿತು. ಮೊಳಕೆ ಹುರುಳಿ, ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯೋದು. ಕಟ್ಟಿಗೆ ಬೆಳ್ಳುಳ್ಳಿ, ಕಾಯಿ, ಖಾರ ರುಬ್ಬಿ ಹಾಕಿದರೆ ಸಾರು. ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸೋದರಲ್ಲಿ ಎರಡು ಅಡುಗೆ, ಕಾಳಿನ ಪ್ರೋಟೀನೂ ಬಂತು, ಸೊಪ್ಪೂ ಬಂತು. ಆಮೇಲೆ ಹೇಳಿದೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. "ಹೌದಾ?" ಅಂತ ಎರಡು ಸಲ ಕೇಳಿದರು.

ಪ್ಯಾಕೆಟ್ ಪೂರ್ತಿ ನಿಲ್ಲಿಸಿ ಅನ್ನಲಿಲ್ಲ. ಮಕ್ಕಳು ರಂಪ ಮಾಡುತ್ತವೆ, ಮನೆ ಮತ್ತೆ ರಣರಂಗ. ಭಾನುವಾರ ಮಾತ್ರ ಅಂದೆ. ಪೌಡರ್ ಮುಗಿದ ಮೇಲೆ ಮತ್ತೆ ಕೊಳ್ಳಬೇಡಿ, ಬೇಕಿದ್ದರೆ ಅದೇ ಡಬ್ಬಿಗೆ ರಾಗಿ ಹುರಿಹಿಟ್ಟು ತುಂಬಿಡಿ ಅಂದಿದ್ದಕ್ಕೆ ಜೋರಾಗಿ ನಕ್ಕರು. ಉಳಿದ ದುಡ್ಡು ಮೊಟ್ಟೆಗೆ. ಒಂದಕ್ಕೆ 7 ರೂಪಾಯಿ ಅಂದರೂ 500ಕ್ಕೆ 70ಕ್ಕೂ ಜಾಸ್ತಿ ಬರುತ್ತವೆ.

ಮಗಳ ಹೆಸರು ಅಂಗನವಾಡಿಯಲ್ಲಿ ಇರಲಿಲ್ಲ. ಮಗ ಕಾನ್ವೆಂಟಿಗೆ ಹೋಗುವಾಗ ಅಲ್ಲಿಗೆ ಹೋಗಲು ಮುಜುಗರವಂತೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿಂದ ಮನೆಗೇ ಆಹಾರ ಕೊಡುತ್ತಾರೆ, ತೂಕವನ್ನೂ ನೋಡುತ್ತಾರೆ. ಮೈಗೆ ಹತ್ತಲ್ಲ ಅನ್ನೋದು ನಿಜವೋ ಬರೀ ಆತಂಕವೋ ಅಲ್ಲಿನ ಚಾರ್ಟ್ ನೋಡಿದರೆ ಗೊತ್ತಾಗುತ್ತೆ. ಮೊದಲು ಹೆಸರು ಬರೆಸಿ ಅಂದೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ಸವಿತಾ ಅವರದೇ. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನೋದು, ಊಟ ಆದ ಕೂಡಲೇ ಟೀ, ಮೆಟ್ಟಿಲು ಹತ್ತಿದರೆ ಏದುಸಿರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ 9 ಬಂತು, 12 ಇರಬೇಕಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ಊಟದ ಕಬ್ಬಿಣ ಮೈಗೆ ಸೇರೋದನ್ನ ಟೀ ತಡೆಯುತ್ತೆ, ನಿಂಬೆ ಹೆಚ್ಚಿಸುತ್ತೆ; ಹಾಗಾಗಿ ಟೀ ಊಟದಿಂದ ಒಂದು ಗಂಟೆ ದೂರ ಇರಲಿ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಮೊಟ್ಟೆ ಬೇಯಿಸುವಾಗ ನಿಮ್ಮದೂ ಒಂದು ಲೆಕ್ಕಕ್ಕೆ ಸೇರಿಸಿ ಅಂದೆ. ಇದಕ್ಕೆ ಮಾತ್ರ ಸುಲಭವಾಗಿ ಒಪ್ಪಲಿಲ್ಲ.

ಜಗಳ ಕಮ್ಮಿಯಾಗಿದೆಯಂತೆ, ನಿಂತಿಲ್ಲ. ಮುಂದಿನ ಸಲ ಗಂಡನೂ ಬರುತ್ತಾರೆ. ಕಾನ್ವೆಂಟಿನ ಫೀಸು, ಚೀಟಿ ಸಾಲ ಎರಡನ್ನೂ ಆಗ ಮಾತಾಡಬೇಕು.